‘ನಷ್ಟವೇನೂ ಇಲ್ಲ’ ಅಂದರು: ಪಿಟ್ಸ್‌ಬರ್ಗಿನ ಒಂದು ಗುಡ್ಡದ ಕಥೆ

ಪಿಟ್ಸ್‌ಬರ್ಗ್ ಅಂದ ಕೂಡಲೇ ಅಮೆರಿಕಾದಲ್ಲಿರುವ ನಮ್ಮವರಲ್ಲಿ ಹೆಚ್ಚಿನವರಿಗೆ ನೆನಪಾಗೋದು ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನ. ಊರಿಂದ ಅಪ್ಪ ಅಮ್ಮ ಬಂದರೆ ನಯಾಗರಾ ನೋಡಲು ಹೋಗುವ ದಾರಿಯಲ್ಲಿ ಇಲ್ಲಿಗೊಂದು ಸುತ್ತು, ದರ್ಶನ, ಆಮೇಲೆ ಕೆಳಗಡೆ ಕ್ಯಾಂಟೀನಿನಲ್ಲಿ ಪುಳಿಯೋಗರೆ. ಸಮಯ ಉಳಿದರೆ ಡೌನ್‌ಟೌನಿಗೆ ಹೋಗಿ ಮೂರು ನದಿ ಸೇರುವ ಜಾಗದಲ್ಲಿ ಫೋಟೋ. ಪಿಟ್ಸ್‌ಬರ್ಗ್ ದರ್ಶನ ಅಲ್ಲಿಗೆ ಮುಗೀತು :)

ನಾನು ಹೇಳಹೊರಟಿರೋದು ಅದೇ ಡೌನ್‌ಟೌನಿಗೆ ಅಂಟಿಕೊಂಡಿರುವ ಇನ್ನೊಂದು ಗುಡ್ಡದ ಕಥೆ. ಹೆಸರೇ ಹಿಲ್ ಡಿಸ್ಟ್ರಿಕ್ಟ್. ಇಲ್ಲಿನವರು ಸುಮ್ಮನೆ ‘ದ ಹಿಲ್’ ಅಂತಾರೆ.

ಊರಿನ ನಕ್ಷೆಯನ್ನು ಸ್ವಲ್ಪ ಕಣ್ಮುಂದೆ ತಂದುಕೊಳ್ಳಿ. ಉತ್ತರದಿಂದ ಅಲಿಗೇನಿ, ದಕ್ಷಿಣದಿಂದ ಮನಾಂಗಹೇಲಾ, ಎರಡೂ ಸೇರಿ ಒಹಾಯೋ ನದಿ ಹುಟ್ಟುತ್ತದೆ. ಆ ಸಂಗಮದ ತ್ರಿಕೋನದಲ್ಲಿ ಡೌನ್‌ಟೌನ್. ಅಲ್ಲಿಂದ ಪೂರ್ವಕ್ಕೆ ನಡೆದರೆ ನೆಲ ಏರತೊಡಗುತ್ತದೆ, ಅದೇ ಹಿಲ್. ಏರು ಶುರುವಾಗುವ ತಗ್ಗಿನ ಭಾಗಕ್ಕೆ ಲೋವರ್ ಹಿಲ್ ಅಂತ ಹೆಸರು. ನಮ್ಮ ಕಥೆ ನಡೆಯೋದು ಅಲ್ಲಿಯ 95 ಎಕರೆಯಲ್ಲಿ. ನಮ್ಮ ಲಾಲ್‌ಬಾಗಿನ ಅರ್ಧ ಕೂಡ ಆಗಲ್ಲ.

ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲಿ ಈ ಊರಿಗೆ ಬರಿಗೈಲಿ ಬಂದವರೆಲ್ಲ ಮೊದಲು ಇಳಿಯುತ್ತಿದ್ದದ್ದು ಇಲ್ಲೇ. ಪೂರ್ವ ಯೂರೋಪಿನ ಯಹೂದಿಗಳು, ಇಟಲಿಯವರು, ಸಿರಿಯಾದವರು, ಗ್ರೀಕರು. ಆಮೇಲೆ ದಕ್ಷಿಣದ ರಾಜ್ಯಗಳ ಹತ್ತಿ ಹೊಲ ಬಿಟ್ಟು ಉಕ್ಕಿನ ಕಾರ್ಖಾನೆಗೆ ದುಡಿಯಲು ಬಂದ ಕಪ್ಪು ಜನ. ಬೇರೆಯವರು ಒಂದು ತಲೆಮಾರು ಕಳೆದ ಮೇಲೆ ಕೈಯಲ್ಲಿ ನಾಲ್ಕು ಕಾಸು ಸೇರಿಸಿಕೊಂಡು ಒಳ್ಳೆ ಬಡಾವಣೆಗಳಿಗೆ ಹೋದರು. ಕಪ್ಪು ಜನರಿಗೆ ಅಲ್ಲೆಲ್ಲ ಮನೆ ಕೊಡುವವರಿರಲಿಲ್ಲ, ಹಾಗಾಗಿ ಅವರು ಉಳಿದರು. ಡಾಕ್ಟರು, ವಕೀಲ, ಕಸಬರಿಗೆ ಹಿಡಿದು ಕೆಲಸ ಮಾಡುವವನು ಎಲ್ಲರೂ ಒಂದೇ ಬೀದಿಯಲ್ಲಿ ಇರಬೇಕಾದ ಸ್ಥಿತಿ. ಅನ್ಯಾಯದಿಂದಲೇ ಹುಟ್ಟಿದ್ದು, ಆದರೆ ಅದರಿಂದ ಆ ಕೇರಿಗೆ ಒಂದು ಕಳೆ ಬಂತು ಅನ್ನೋದೂ ನಿಜ.

ಕಳೆ ಅಂದರೆ ಎಂಥದ್ದು? ವೈಲಿ ಅವೆನ್ಯೂ ಅಂತ ಒಂದು ಮುಖ್ಯರಸ್ತೆ. ಅದರ ಮೇಲೆ ಕ್ರಾಫರ್ಡ್ ಗ್ರಿಲ್ ಅನ್ನೋ ಜಾಜ್ ಸಂಗೀತದ ಅಡ್ಡೆ. ದೇಶದ ದೊಡ್ಡ ದೊಡ್ಡ ಜಾಜ್ ಕಲಾವಿದರು ಬಂದು ನುಡಿಸುತ್ತಿದ್ದರು. ಆರ್ಟ್ ಬ್ಲೇಕಿ, ಬಿಲಿ ಸ್ಟ್ರೇಹಾರ್ನ್ ಇವರೆಲ್ಲ ಪಿಟ್ಸ್‌ಬರ್ಗಿನಲ್ಲೇ ಬೆಳೆದವರು. ಈ ಗ್ರಿಲ್‌ನ ಯಜಮಾನ ಗಸ್ ಗ್ರೀನ್‌ಲೀ ಒಬ್ಬ ಸ್ವಾರಸ್ಯಕರ ಮನುಷ್ಯ. ದುಡ್ಡು ಮಾಡಿದ್ದು ‘ನಂಬರ್ಸ್’ ಆಟದಲ್ಲಿ. ನಮ್ಮ ಮಟ್ಕಾದ ಖಾಸಾ ಅಣ್ಣ ಅಂದುಕೊಳ್ಳಿ. ಆ ದುಡ್ಡಿನಲ್ಲಿ ಪಿಟ್ಸ್‌ಬರ್ಗ್ ಕ್ರಾಫರ್ಡ್ಸ್ ಅನ್ನೋ ಬೇಸ್‌ಬಾಲ್ ತಂಡ ಕಟ್ಟಿದ. ಕಪ್ಪು ಆಟಗಾರರಿಗೆ ದೊಡ್ಡ ಲೀಗುಗಳ ಬಾಗಿಲು ಮುಚ್ಚಿದ್ದ ಕಾಲ ಅದು. ಸ್ಯಾಚೆಲ್ ಪೇಜ್, ಜಾಶ್ ಗಿಬ್ಸನ್ ಅವನ ತಂಡದಲ್ಲಿದ್ದರು. ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಹೇಳೋದಾದರೆ, ಬೌಲಿಂಗಿಗೆ ಚಂದ್ರು, ಬ್ಯಾಟಿಂಗಿಗೆ ವಿಶಿ ಇಬ್ಬರೂ ಒಂದೇ ಕೇರಿಯ ಟೀಮಿನಲ್ಲಿದ್ದ ಹಾಗೆ. ಗ್ರೀನ್‌ಲೀ 1932ರಲ್ಲಿ ಹಿಲ್‌ನ ಬೆಡ್‌ಫರ್ಡ್ ಅವೆನ್ಯೂದಲ್ಲಿ ತಂಡಕ್ಕೆ ಸ್ವಂತ ಮೈದಾನವನ್ನೇ ಕಟ್ಟಿಸಿದ. ಆರೇ ವರ್ಷ, 1938ರಲ್ಲಿ ಅದನ್ನು ಕೆಡವಿ ಸರ್ಕಾರಿ ವಸತಿ ಕಟ್ಟಡಗಳಿಗೆ ಜಾಗ ಮಾಡಿದರು.

ಪಿಟ್ಸ್‌ಬರ್ಗ್ ಕೊರಿಯರ್ ಪತ್ರಿಕೆಯ ಮನೆಯೂ ಹಿಲ್ಲೇ. ದೇಶದ ಕಪ್ಪು ಜನರೆಲ್ಲ ಓದುತ್ತಿದ್ದ ಪತ್ರಿಕೆ. ಅದಕ್ಕೆ ಟೀನಿ ಹ್ಯಾರಿಸ್ ಅಂತ ಒಬ್ಬ ಫೋಟೋಗ್ರಾಫರ್ ಇದ್ದ. ಮದುವೆ, ಸಾವು, ಸೌಂದರ್ಯ ಸ್ಪರ್ಧೆ, ಕ್ಷೌರದಂಗಡಿ, ಚರ್ಚಿನ ಮೆಟ್ಟಿಲ ಮೇಲೆ ಹೊಸ ಬಟ್ಟೆ ಹಾಕಿಕೊಂಡು ನಿಂತ ಮಕ್ಕಳು, ಯಾವುದನ್ನೂ ಬಿಟ್ಟವನಲ್ಲ. ಅವನ ಸುಮಾರು 80,000 ನೆಗೆಟಿವ್‌ಗಳು ಈಗ ಇಲ್ಲಿನ ಕಾರ್ನೆಗಿ ಕಲಾ ಮ್ಯೂಸಿಯಮ್ಮಿನಲ್ಲಿವೆ. ಅವನಿಗೆ ‘ಒನ್ ಶಾಟ್’ ಅಂತ ಅಡ್ಡಹೆಸರು. ಬೇರೆ ಫೋಟೋಗ್ರಾಫರುಗಳು ಐದಾರು ಸಲ ಫ್ಲ್ಯಾಶ್ ಹೊಡೆದರೆ ಇವನು ಒಂದೇ ಸಲ ಕ್ಲಿಕ್ಕಿಸಿ ಹೊರಡುತ್ತಿದ್ದನಂತೆ. ಆ ಹೆಸರು ಇಟ್ಟದ್ದು ಊರಿನ ಮೇಯರ್ ಡೇವಿಡ್ ಲಾರೆನ್ಸ್. ಈ ಮೇಯರ್ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರ್ತಾರೆ.

ಇಷ್ಟು ಓದಿ ಅದೊಂದು ಸ್ವರ್ಗ ಅಂದುಕೊಂಡರೆ ತಪ್ಪಾಗುತ್ತೆ. ಲೋವರ್ ಹಿಲ್‌ನ ಮನೆಗಳು ಎಷ್ಟೋ ನಮ್ಮ ಹಳೇ ವಠಾರಗಳಿಗಿಂತ ಕಡೆ. ಮನೆಯೊಳಗೆ ಕಕ್ಕಸಿಲ್ಲ, ಹಲವು ಸಂಸಾರಕ್ಕೆ ಒಂದು ನಲ್ಲಿ, ಸೋರುವ ಮಾಡು, ಇಲಿ ಕಾಟ. ಕ್ಷಯ ರೋಗವೂ ಇತ್ತು. ಇದನ್ನು ಯಾರೂ ಅಲ್ಲಗಳೆಯೋದಿಲ್ಲ, ಅಲ್ಲಿ ಹುಟ್ಟಿ ಬೆಳೆದವರೂ ಕೂಡ.

ಆದರೆ ಆ ಸ್ಥಿತಿಗೆ ಬಂದದ್ದು ಹೇಗೆ ಅಂತ ಕೇಳಬೇಕಲ್ಲ? 1930ರ ದಶಕದಲ್ಲಿ ಕೇಂದ್ರ ಸರ್ಕಾರದ ಒಂದು ಗೃಹಸಾಲ ಸಂಸ್ಥೆ ಅಮೆರಿಕಾದ ಊರೂರಿನ ನಕ್ಷೆಗಳಿಗೆ ಬಣ್ಣ ಬಳಿಯಿತು. ಸಾಲಕ್ಕೆ ಯೋಗ್ಯವಾದ ಬಡಾವಣೆಗೆ ಹಸಿರು, ಅಪಾಯದ ಬಡಾವಣೆಗೆ ಕೆಂಪು. ಕಪ್ಪು ಜನ ಇದ್ದರೆ ಅಷ್ಟೇ ಸಾಕು, ಕೆಂಪು. ಹಿಲ್‌ಗೂ ಕೆಂಪೇ ಬಂತು. ಕೆಂಪು ಬಿದ್ದ ಮೇಲೆ ಬ್ಯಾಂಕಿನವರು ಮನೆ ಕೊಳ್ಳೋಕೂ ಸಾಲ ಕೊಡಲ್ಲ, ರಿಪೇರಿಗೂ ಕೊಡಲ್ಲ. ಮಾಲೀಕರಲ್ಲಿ ಹೆಚ್ಚಿನವರು ಬೇರೆ ಕಡೆ ಇರುವವರು, ತಿಂಗಳು ತಿಂಗಳು ಬಾಡಿಗೆ ಎಣಿಸಿಕೊಂಡು ಸುಮ್ಮನಿದ್ದರು. ಬೇರೆಲ್ಲೂ ಮನೆ ಸಿಗದ ಬಾಡಿಗೆದಾರ ಎಲ್ಲಿಗೆ ಹೋದಾನು! ಇಪ್ಪತ್ತು ವರ್ಷ ರಿಪೇರಿಗೆ ಸಾಲ ಕೊಡದೆ, ಕೊನೆಗೆ ರಿಪೇರಿಯಾಗಿಲ್ಲ ಅಂತ ಕೆಡವಿದರು. ನನಗೆ ಈ ಇಡೀ ಕಥೆಯಲ್ಲಿ ಅತಿ ಹೆಚ್ಚು ಸಿಟ್ಟು ಬರಿಸೋದು ಈ ಭಾಗವೇ.

ಈಗ ಮೇಯರ್ ವಿಷಯಕ್ಕೆ ಬರೋಣ. 1940ರ ದಶಕದ ಪಿಟ್ಸ್‌ಬರ್ಗ್ ಹೊಗೆಯ ಊರು. ಮಧ್ಯಾಹ್ನ ಹನ್ನೆರಡಕ್ಕೆ ಬೀದಿದೀಪ ಹಚ್ಚಿರುವ ಫೋಟೋಗಳಿವೆ, ಸುಳ್ಳಲ್ಲ. ದೊಡ್ಡ ಕಂಪನಿಗಳು ಊರು ಬಿಡುವ ಮಾತಾಡುತ್ತಿದ್ದವು. ಆಗ ಇಬ್ಬರು ಕೈ ಜೋಡಿಸಿದರು. ಒಬ್ಬರು 1946ರಲ್ಲಿ ಮೇಯರ್ ಆದ ಲಾರೆನ್ಸ್, ಡೆಮಾಕ್ರಾಟ್, ಬಡ ಐರಿಶ್ ಕ್ಯಾಥೊಲಿಕ್ ಮನೆತನ. ಇನ್ನೊಬ್ಬರು ರಿಚರ್ಡ್ ಕಿಂಗ್ ಮೆಲನ್, ರಿಪಬ್ಲಿಕನ್, ಬ್ಯಾಂಕು, ಅಲ್ಯೂಮಿನಿಯಂ, ತೈಲ ಎಲ್ಲವೂ ಕೈಯಲ್ಲಿದ್ದ ಮನೆತನ. ಇವರ ಜೋಡಿ ಹೊಗೆಗೆ ಕಡಿವಾಣ ಹಾಕಿತು, ನದಿ ಸಂಗಮದ ರೈಲು ಗೋದಾಮುಗಳನ್ನು ತೆಗೆಸಿ ಪಾರ್ಕಿಗೆ ದಾರಿ ಮಾಡಿತು. ನಾವೆಲ್ಲ ಹೋಗಿ ಫೋಟೋ ಹೊಡೆಸಿಕೊಳ್ಳುವ ಜಾಗ ಅದೇ. ಊರಿನವರು ಇದನ್ನು ‘ರಿನೈಸಾನ್ಸ್’ ಅಂತ ಹೆಮ್ಮೆಯಿಂದ ಕರೆಯುತ್ತಾರೆ. ಹೊಗೆ ಕರಗಿಸಿದ್ದಕ್ಕೆ ನಾನಂತೂ ಇವರಿಗೆ ಕೈ ಮುಗಿಯುತ್ತೇನೆ.

ಆದರೆ ಅದೇ ಪುನರುತ್ಥಾನದ ಕಣ್ಣು ಲೋವರ್ ಹಿಲ್ ಮೇಲೂ ಬಿತ್ತು. ಡೌನ್‌ಟೌನಿನ ಬಾಗಿಲಲ್ಲೇ ಕೊಳೆಗೇರಿ! 1943ರಲ್ಲೇ ಜಾರ್ಜ್ ಇವಾನ್ಸ್ ಎಂಬ ನಗರಸಭಾ ಸದಸ್ಯರು ಒಂದು ಲೇಖನ ಬರೆದಿದ್ದರು. ಅಲ್ಲಿನ ನೂರಕ್ಕೆ ತೊಂಬತ್ತು ಕಟ್ಟಡ ಕೆಲಸಕ್ಕೆ ಬಾರದವು, ಎಲ್ಲವನ್ನೂ ನಾಶ ಮಾಡಿದರೂ ಸಾಮಾಜಿಕವಾಗಿ ನಷ್ಟವೇನೂ ಆಗದು ಎಂಬುದು ಅದರ ಸಾರಾಂಶ. ಹಿಲ್ ಬಗ್ಗೆ ಬರೆಯುವವರೆಲ್ಲ ಇವತ್ತಿಗೂ ಆ ಒಂದು ಮಾತಿಗೆ ಬಂದು ನಿಲ್ಲುತ್ತಾರೆ. ನಾನೂ ನಿಂತಿದ್ದೇನೆ.

ಕೆಡವೋದಕ್ಕೆ ದುಡ್ಡು ಎಲ್ಲಿಂದ? 1949ರ ಕೇಂದ್ರ ವಸತಿ ಕಾಯ್ದೆಯಿಂದ. ಅದರ ಲೆಕ್ಕ ಹೀಗೆ: ನಗರದ ಒಂದು ಪ್ರಾಧಿಕಾರ ‘ಹಾಳುಬಿದ್ದ’ ಪ್ರದೇಶ ಅಂತ ಗುರುತಿಸಿ ಕಾನೂನಿನ ಬಲದಿಂದ ಎಲ್ಲ ಆಸ್ತಿ ಕೊಳ್ಳುತ್ತದೆ, ನೆಲಸಮ ಮಾಡುತ್ತದೆ, ಖಾಲಿ ನೆಲವನ್ನು ಕಡಿಮೆ ಬೆಲೆಗೆ ಮಾರುತ್ತದೆ. ಆಗುವ ನಷ್ಟದಲ್ಲಿ ಮೂರರಲ್ಲಿ ಎರಡು ಪಾಲು ವಾಷಿಂಗ್ಟನ್ನಿನ ಸರ್ಕಾರ ತುಂಬಿಕೊಡುತ್ತದೆ. ಊರಿಗೆ ಇದಕ್ಕಿಂತ ಅಗ್ಗದ ಬಾಬತ್ತು ಇನ್ನೇನು ಬೇಕು? ಇದರಲ್ಲಿ ಪರಿಹಾರ ಸಿಗುತ್ತಿದ್ದದ್ದು ಆಸ್ತಿಯ ಮಾಲೀಕನಿಗೆ. ಬಾಡಿಗೆಯವನಿಗೆ ಸಿಕ್ಕರೆ ಸಾಮಾನು ಸಾಗಿಸುವ ಖರ್ಚಿಗೆ ಒಂದಿಷ್ಟು ಪುಡಿಗಾಸು. ಬಾಡಿಗೆದಾರರಿಗೂ ಸರಿಯಾದ ಪುನರ್ವಸತಿ ನೆರವು ಕೊಡಬೇಕು ಅನ್ನುವ ಕಾಯ್ದೆ ಬಂದದ್ದು 1970ರಲ್ಲಿ.

1956ರಲ್ಲಿ ಬುಲ್ಡೋಜರುಗಳು ಬಂದವು. ಸುಮಾರು 1,300 ಕಟ್ಟಡಗಳು ಉರುಳಿದವು. 400ಕ್ಕೂ ಹೆಚ್ಚು ಅಂಗಡಿ ಮುಂಗಟ್ಟುಗಳು ಹೋದವು. ಎಂಟು ಸಾವಿರಕ್ಕೂ ಹೆಚ್ಚು ಜನ ಮನೆ ಬಿಟ್ಟರು. ಬೆಥೆಲ್ ಎ.ಎಂ.ಇ. ಚರ್ಚ್ ಅಂತ ಕಪ್ಪು ಜನರ ತುಂಬಾ ಹಳೆಯ ಸಭೆ, 1808ರಷ್ಟು ಹಿಂದಿನದು. ಅವರ ದೊಡ್ಡ ಇಟ್ಟಿಗೆಯ ಚರ್ಚನ್ನು 1957ರಲ್ಲಿ ಕೆಡವಿದರು. ಪಕ್ಕದಲ್ಲೇ ಇದ್ದ ಕ್ಯಾಥೊಲಿಕ್ಕರ ಎಪಿಫನಿ ಚರ್ಚನ್ನು ಉಳಿಸಿದರು. ಅದು ಇವತ್ತಿಗೂ ಅಲ್ಲೇ ನಿಂತಿದೆ. ಯಾಕೆ ಒಂದು ಉಳಿಯಿತು, ಇನ್ನೊಂದು ಹೋಯಿತು ಅಂತ ಬೆಥೆಲ್‌ನ ಜನ ಅರವತ್ತು ವರ್ಷ ಕೇಳುತ್ತಲೇ ಇದ್ದರು.

ನಮ್ಮ ಶರಾವತಿ ಕಡೆಯವರಿಗೆ ‘ಮುಳುಗಡೆ’ ಅನ್ನೋ ಒಂದು ಪದ ಇದೆ. ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಲಿಂಗನಮಕ್ಕಿಯ ನೀರು ಏರುತ್ತಿತ್ತು. ‘ನಾವು ಮುಳುಗಡೆಯವರು’ ಅಂದರೆ ಸಾಕು, ಬೇರೇನೂ ಹೇಳಬೇಕಿಲ್ಲ. ಲೋವರ್ ಹಿಲ್‌ನವರಿಗೆ ಅಂಥ ಪದವೊಂದು ಇದ್ದಿದ್ದರೆ ಅಂತ ಎಷ್ಟೋ ಸಲ ಅನ್ನಿಸಿದೆ. ಅಲ್ಲಿ ನೀರಿರಲಿಲ್ಲ, ಅಣೆಕಟ್ಟಿರಲಿಲ್ಲ, ಊರಿನ ಅರ್ಧ ಜನಕ್ಕೆ ಏನು ಮುಳುಗಿತು ಅಂತಲೇ ಕಾಣಿಸಲಿಲ್ಲ.

ಕೆಡವಿದ ಜಾಗದಲ್ಲಿ ಬಂದದ್ದು ಸಿವಿಕ್ ಅರೀನಾ. ಎಡ್ಗರ್ ಕಾಫ್‌ಮನ್ ಅಂತ ಇಲ್ಲಿನ ದೊಡ್ಡ ಬಟ್ಟೆ-ಬರೆ ಮಳಿಗೆಯ ಧಣಿ, ಫ್ರಾಂಕ್ ಲಾಯ್ಡ್ ರೈಟ್ ಕೈಯಲ್ಲಿ ಜಲಪಾತದ ಮೇಲೆ ‘ಫಾಲಿಂಗ್‌ವಾಟರ್’ ಮನೆ ಕಟ್ಟಿಸಿದ ಅದೇ ಮನುಷ್ಯ. ಅವರಿಗೆ ಬೇಸಿಗೆ ರಾತ್ರಿ ನಕ್ಷತ್ರಗಳ ಕೆಳಗೆ ಸಂಗೀತ ನಾಟಕ ನೋಡುವ ಆಸೆ. ಮಳೆ ಬಂದರೆ ಮಾಡು ಮುಚ್ಚಬೇಕು. ಅದಕ್ಕೆ ಹತ್ತು ಲಕ್ಷ ಡಾಲರ್ ಕೊಟ್ಟರು. 1961ರ ಸೆಪ್ಟೆಂಬರಿನಲ್ಲಿ ತೆರೆದ ಕಟ್ಟಡದ ಗುಮ್ಮಟ 400 ಅಡಿಗೂ ಹೆಚ್ಚು ಅಗಲದ ಸ್ಟೇನ್‌ಲೆಸ್ ಸ್ಟೀಲು. ಎಂಟು ಎಸಳು, ಅದರಲ್ಲಿ ಎರಡು ಸ್ಥಿರ, ಉಳಿದ ಆರು ಜಾರಿ ಅವುಗಳ ಕೆಳಗೆ ಸೇರಿಕೊಳ್ಳುತ್ತವೆ. ಒಳಗಡೆ ಒಂದೇ ಒಂದು ಕಂಬ ಇಲ್ಲ! ಹೊರಗಡೆಯಿಂದ ಬಾಗಿದ ಒಂದು ಉಕ್ಕಿನ ತೋಳು ಇಡೀ ಮಾಡನ್ನು ಹಿಡಿದು ನಿಂತಿತ್ತು. ಇಂಥ ತೆರೆಯುವ ಮಾಡಿನ ದೊಡ್ಡ ಕ್ರೀಡಾಂಗಣ ಜಗತ್ತಿನಲ್ಲಿ ಅದೇ ಮೊದಲು. ಇಂಜಿನಿಯರಿಂಗ್ ಓದಿದ ನನಗೆ ಅದರ ಹಳೇ ಡ್ರಾಯಿಂಗುಗಳನ್ನು ನೋಡಿದರೆ ಈಗಲೂ ರೋಮಾಂಚನ ಆಗುತ್ತೆ. ಆಗಬಾರದು ಅಂದುಕೊಂಡರೂ ಆಗುತ್ತೆ, ಏನು ಮಾಡೋದು.

ತಮಾಷೆ ಏನಂದರೆ, ಯಾರಿಗಾಗಿ ಕಟ್ಟಿದ್ದೋ ಆ ಸಂಗೀತ ನಾಟಕಕ್ಕೆ ಅದು ಒಗ್ಗಲೇ ಇಲ್ಲ. ಧ್ವನಿ ಸರಿಯಾಗಿ ಕೇಳುತ್ತಿರಲಿಲ್ಲ. ಅವರು ಬೇರೆ ಜಾಗ ನೋಡಿಕೊಂಡರು. 1967ರಿಂದ ಅಲ್ಲಿ ಪೆಂಗ್ವಿನ್ಸ್ ತಂಡದ ಐಸ್ ಹಾಕಿ. ಐಸ್ ಮೇಲಿನ ಆಟಕ್ಕೆ ಆಕಾಶ ಯಾಕೆ ಬೇಕು? ಮಾಡು ಬಹುತೇಕ ಮುಚ್ಚಿಯೇ ಇರುತ್ತಿತ್ತು.

ಅರೀನಾದ ಸುತ್ತ ಸಿಂಫನಿ ಭವನ, ಕಲಾ ಮ್ಯೂಸಿಯಂ ಎಲ್ಲ ಬರುತ್ತೆ ಅಂತ ಚಂದದ ಚಿತ್ರ ಬರೆದಿದ್ದರು. ಯಾವುದೂ ಬರಲಿಲ್ಲ. ಐ.ಎಂ. ಪೇ ವಿನ್ಯಾಸದ ಒಂದು ಅಪಾರ್ಟ್‌ಮೆಂಟ್ ಕಟ್ಟಡ ಬಂತು, ಡೌನ್‌ಟೌನ್ ಪಕ್ಕದಲ್ಲಿ ಒಂದು ಆಫೀಸು-ಹೋಟೆಲು ಬಂತು. ಸಿಂಫನಿ ಭವನ ಡೌನ್‌ಟೌನಿನ ಹಳೇ ಸಿನಿಮಾ ಥಿಯೇಟರೊಂದನ್ನು ದುರಸ್ತಿ ಮಾಡಿ 1971ರಲ್ಲಿ ಅಲ್ಲೇ ಶುರುವಾಯಿತು. ಲೋವರ್ ಹಿಲ್‌ನಲ್ಲಿ ಉಳಿದದ್ದು ಕಾರು ನಿಲ್ಲಿಸುವ ಬಯಲು. ಹಿಲ್ ಮತ್ತು ಡೌನ್‌ಟೌನ್ ನಡುವೆ ನೆಲ ಕೊರೆದು ಒಂದು ಹೆದ್ದಾರಿ ಹಾಕಿದರು, ಈಗಿನ ಐ-579. ಮೊದಲು ಬೆಟ್ಟದಿಂದ ನಡೆದು ಕೆಲಸಕ್ಕೆ ಇಳಿಯುತ್ತಿದ್ದವರು ಈಗ ಪಾರ್ಕಿಂಗ್ ಬಯಲು ದಾಟಿ, ಹೆದ್ದಾರಿ ಸೇತುವೆ ದಾಟಿ ಹೋಗಬೇಕು. ಪಿಟ್ಸ್‌ಬರ್ಗಿನ ಜನವರಿ ಗಾಳಿಯಲ್ಲಿ ಆ ಬಯಲನ್ನು ಒಮ್ಮೆ ನಡೆದು ನೋಡಿ, ನಾನು ನಡೆದಿದ್ದೇನೆ.

ಎಬ್ಬಿಸಿದ ಜನ ಎಲ್ಲಿಗೆ ಹೋದರು? ಕೆಲವರು ಸರ್ಕಾರಿ ವಸತಿಗೆ, ಕೆಲವರು ಹಿಲ್‌ನ ಮೇಲ್ಭಾಗಕ್ಕೆ, ಹಲವರು ಪೂರ್ವದ ಹೋಮ್‌ವುಡ್ ಕಡೆಗೆ. ಹೋಮ್‌ವುಡ್ ಹತ್ತೇ ವರ್ಷದಲ್ಲಿ ಬಿಳಿಯರ ಬಡಾವಣೆಯಿಂದ ಕಪ್ಪು ಜನರ ಬಡಾವಣೆಯಾಯಿತು. ಬಿಳಿಯರು ಮನೆ ಮಾರಿ ಓಡಿದರು. ಮನೆ ಹೋದರೆ ಇನ್ನೊಂದು ಮನೆ ಹೇಗೋ ಸಿಕ್ಕೀತು. ಆದರೆ ಉದ್ರಿ ಕೊಡುವ ಅಂಗಡಿಯವನು, ಮಗು ನೋಡಿಕೊಳ್ಳುವ ಎದುರುಮನೆ ಅಜ್ಜಿ, ಕೆಲಸ ಖಾಲಿ ಇದೆ ಅಂತ ಸುದ್ದಿ ತರುವ ಕ್ಷೌರಿಕ ಒಂದೇ ಕಡೆ ಮತ್ತೆ ಸಿಗಲ್ಲವಲ್ಲ. ಬೀದಿಯ ಗಿರಾಕಿಗಳನ್ನೇ ನಂಬಿದ್ದ ಅಂಗಡಿಗಳಲ್ಲಿ ಎಷ್ಟೋ ಇನ್ನೊಂದು ಕಡೆ ಮತ್ತೆ ತೆರೆಯಲೇ ಇಲ್ಲ. ಇವಾನ್ಸ್ ಅವರ ಲೆಕ್ಕದ ಪುಸ್ತಕದಲ್ಲಿ ಇದಕ್ಕೆಲ್ಲ ಕಾಲಮ್ಮೇ ಇರಲಿಲ್ಲ.

ಈ ನಷ್ಟದ ಲೆಕ್ಕ ಬರೆದವನು ನಾಟಕಕಾರ ಆಗಸ್ಟ್ ವಿಲ್ಸನ್. 1945ರಲ್ಲಿ ಹಿಲ್‌ನ ಬೆಡ್‌ಫರ್ಡ್ ಅವೆನ್ಯೂದಲ್ಲಿ ಹುಟ್ಟಿದವನು, ಬುಲ್ಡೋಜರ್ ಬಂದಾಗ ಹನ್ನೊಂದು ವರ್ಷದ ಹುಡುಗ. ಇಪ್ಪತ್ತನೇ ಶತಮಾನದ ಒಂದೊಂದು ದಶಕಕ್ಕೆ ಒಂದರಂತೆ ಹತ್ತು ನಾಟಕ ಬರೆದ, ಅದರಲ್ಲಿ ಒಂಬತ್ತು ನಡೆಯೋದು ಹಿಲ್‌ನಲ್ಲೇ. ಎರಡು ಪುಲಿಟ್ಜರ್ ಬಂತು. ‘ಟೂ ಟ್ರೇನ್ಸ್ ರನ್ನಿಂಗ್’ ನಾಟಕದಲ್ಲಿ 1969ರ ಒಂದು ಸಣ್ಣ ಹೋಟೆಲು, ನಗರದವರು ಅದನ್ನು ಕೆಡವೋಕೆ ಕೊಳ್ಳುತ್ತಿದ್ದಾರೆ. ಮಾಲೀಕ ಮೆಂಫಿಸ್‌ನದು ಒಂದೇ ಹಟ: ನನ್ನ ಬೆಲೆ 25,000 ಡಾಲರ್, ಒಂದು ಸೆಂಟೂ ಕಡಿಮೆ ಆಗಲ್ಲ. ‘ಜಿಟ್ನಿ’ ನಾಟಕದಲ್ಲಿ 1977ರ ಒಂದು ಖಾಸಗಿ ಟ್ಯಾಕ್ಸಿ ಸ್ಟ್ಯಾಂಡು. ಲೈಸೆನ್ಸಿನ ಟ್ಯಾಕ್ಸಿಗಳು ಹಿಲ್‌ಗೆ ಬರಲ್ಲ ಅಂತ ಅಲ್ಲಿನವರೇ ತಮ್ಮ ಕಾರು ಓಡಿಸುತ್ತಿದ್ದರು. ಅದಕ್ಕೂ ನೋಟೀಸು ಬರುತ್ತದೆ. ಇವೆರಡನ್ನೂ ಓದಿ, ಸಿಕ್ಕರೆ ನೋಡಿ. ರಂಗಶಂಕರದಲ್ಲಿ ಯಾರಾದರೂ ‘ಜಿಟ್ನಿ’ಯನ್ನು ಕನ್ನಡಕ್ಕೆ ತಂದು ಆಡಿಸಬಾರದೇ ಅಂತ ನನ್ನದೊಂದು ಹಳೇ ಆಸೆ.

ಕೆಡವುವವರು ಲೋವರ್ ಹಿಲ್‌ಗೇ ನಿಲ್ಲುವ ಅಂದಾಜಿನಲ್ಲಿರಲಿಲ್ಲ. ಮೇಲಿನ ಭಾಗಕ್ಕೂ ನಕ್ಷೆ ತಯಾರಿತ್ತು. 1960ರ ದಶಕದಲ್ಲಿ ಸೆಂಟರ್ ಅವೆನ್ಯೂ ಮತ್ತು ಕ್ರಾಫರ್ಡ್ ಬೀದಿ ಸೇರುವ ಮೂಲೆಯಲ್ಲಿ ಜನ ಒಂದು ದೊಡ್ಡ ಬೋರ್ಡ್ ನಿಲ್ಲಿಸಿದರು: ಇಲ್ಲಿಂದ ಮುಂದಕ್ಕೆ ಪುನರಭಿವೃದ್ಧಿ ಬೇಡ, ನಮಗೆ ಬಡವರು ಇರಬಹುದಾದ ಮನೆ ಬೇಕು ಅಂತ. ಆ ಮೂಲೆಗೆ ‘ಫ್ರೀಡಂ ಕಾರ್ನರ್’ ಅಂತ ಹೆಸರು, ನಾಗರಿಕ ಹಕ್ಕಿನ ಮೆರವಣಿಗೆಗಳು ಹೊರಡುತ್ತಿದ್ದದ್ದು ಅಲ್ಲಿಂದ. ಬುಲ್ಡೋಜರು ಆ ಗೆರೆ ದಾಟಲಿಲ್ಲ. ಆದರೆ 1968ರ ಏಪ್ರಿಲಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದಾಗ ಗೆರೆಯ ಈಚೆಗಿದ್ದ ಅಂಗಡಿ ಬೀದಿಗಳಿಗೇ ಬೆಂಕಿ ಬಿತ್ತು. ಹೋದ ಅಂಗಡಿಗಳಲ್ಲಿ ಬಹಳಷ್ಟು ಮರಳಲಿಲ್ಲ. ಮುಂದೆ ಹಿಲ್‌ಗೆ ಒಂದು ಸರಿಯಾದ ದಿನಸಿ ಸೂಪರ್‌ಮಾರ್ಕೆಟ್ ಬರಲು 2013 ಆಗಬೇಕಾಯಿತು, ಅಲ್ಲಿಯವರೆಗೆ ಸುಮಾರು ಮೂವತ್ತು ವರ್ಷ ತರಕಾರಿಗೆ ಬಸ್ ಹಿಡಿಯಬೇಕು. ಅದೂ 2019ರಲ್ಲಿ ಬಾಗಿಲು ಹಾಕಿತು.

ಎಲ್ಲಾ ತಪ್ಪನ್ನೂ ಬುಲ್ಡೋಜರಿನ ತಲೆಗೆ ಕಟ್ಟೋದೂ ಸರಿಯಲ್ಲ ಅನ್ನಿ. 1950ರಲ್ಲಿ ಪಿಟ್ಸ್‌ಬರ್ಗಿನ ಜನಸಂಖ್ಯೆ 6,76,806. 2020ರಲ್ಲಿ 3,02,971. ಉಪನಗರಗಳು ಜನರನ್ನು ಎಳೆದವು, 1980ರ ದಶಕದಲ್ಲಿ ಉಕ್ಕಿನ ಕಾರ್ಖಾನೆಗಳು ಮುಚ್ಚಿದವು. ಯಾರೂ ಮುಟ್ಟದ ಬಡಾವಣೆಗಳೂ ಸೊರಗಿವೆ. ಆದರೆ ಅವಕ್ಕೆಲ್ಲ ಸೊರಗಲು ಒಂದು ಬೀದಿ, ಒಂದು ಚರ್ಚು, ಒಂದು ಹಳೇ ಮನೆ ಉಳಿದಿತ್ತು. ನೆಲಸಮವಾದದ್ದಕ್ಕೆ ಮತ್ತೆ ಚಿಗುರುವ ಬೇರೂ ಇರಲ್ಲ.

ಇನ್ನು ಆ ಅರೀನಾ. 2007ರಲ್ಲಿ ಪೆಂಗ್ವಿನ್ಸ್ ತಂಡ ಊರು ಬಿಡುವ ಮಾತೆತ್ತಿತು. ಕೊನೆಗೆ ಎದುರು ಬೀದಿಯಲ್ಲಿ ಹೊಸ ಅರೀನಾ, ಜೊತೆಗೆ ಹಳೇ ಅರೀನಾ ಮತ್ತು ಪಾರ್ಕಿಂಗ್ ಸೇರಿ 28 ಎಕರೆ ಅಭಿವೃದ್ಧಿ ಮಾಡುವ ಹಕ್ಕು, ಹೀಗೊಂದು ಒಪ್ಪಂದ ಆಯಿತು. ಹೊಸದು 2010ರಲ್ಲಿ ತೆರೆಯಿತು. ಹಳೆಯದನ್ನು ಉಳಿಸಬೇಕು, ಅದು ವಾಸ್ತುಶಿಲ್ಪದ ಪರಂಪರೆ ಅಂತ ಕೆಲವರು ಕೋರ್ಟಿಗೂ ಹೋದರು. ಹಿಲ್‌ನ ಎಷ್ಟೋ ಜನಕ್ಕೆ ಅದು ಬಿದ್ದರೆ ಸಾಕಾಗಿತ್ತು. 2011-12ರಲ್ಲಿ ಕೆಡವಿದರು. ಎಂಟು ಸಾವಿರ ಜನರನ್ನು ಎಬ್ಬಿಸಿ ಕಟ್ಟಿದ ಕಟ್ಟಡದ ಆಯಸ್ಸು ಐವತ್ತೇ ವರ್ಷ. ಆ ಜಾಗ ಕೂಡ ಪಾರ್ಕಿಂಗ್ ಲಾಟ್ ಆಯಿತು. ಹಾಕಿ ಮ್ಯಾಚಿಗೆ ಹೋದಾಗ ನಾನೂ ಅಲ್ಲಿ ಕಾರು ನಿಲ್ಲಿಸಿದ್ದೇನೆ. ಡಾಂಬರಿನ ಮೇಲೆ ಬಿಳಿ ಗೆರೆ, ನಂಬರು, ಅಷ್ಟೇ.

2014ರಲ್ಲಿ ಯು.ಎಸ್. ಸ್ಟೀಲ್ ತನ್ನ ಮುಖ್ಯ ಕಚೇರಿ ಅಲ್ಲಿ ಕಟ್ಟುವುದಾಗಿ ಘೋಷಿಸಿ ಮರುವರ್ಷ ಕೈಬಿಟ್ಟಿತು. ಕೊನೆಗೆ 26 ಮಹಡಿಯ ಒಂದು ಬ್ಯಾಂಕ್ ಟವರ್ ಎದ್ದಿದೆ. 2021ರಲ್ಲಿ ಹೆದ್ದಾರಿಯ ಕೊರಕಲಿಗೆ ಮುಚ್ಚಳ ಹಾಕಿ ಮೇಲೆ ಮೂರು ಎಕರೆ ಪಾರ್ಕ್ ಮಾಡಿದರು. ಅದಕ್ಕಿಟ್ಟ ಹೆಸರು ಫ್ರಾಂಕಿ ಪೇಸ್. ಸೆಂಟರ್ ಅವೆನ್ಯೂದಲ್ಲಿ ಸಂಗೀತದ ಅಂಗಡಿ ಇಟ್ಟುಕೊಂಡು, ಬಡಾವಣೆ ಪರ ಹೋರಾಡುತ್ತಿದ್ದ ಹೆಂಗಸು. ಪಾರ್ಕ್ ಚೆನ್ನಾಗಿದೆ, ಮಕ್ಕಳನ್ನು ಕರೆದುಕೊಂಡು ಹೋಗಬಹುದು. ಅಲ್ಲಿ ನಿಂತರೆ ಕೆಳಗೆ ಲಾರಿಗಳು ಹೋಗುವ ಸದ್ದು ಸಣ್ಣಗೆ ಕೇಳುತ್ತದೆ. ಆಗಸ್ಟ್ ವಿಲ್ಸನ್ ಹುಟ್ಟಿದ ಮನೆಯನ್ನು ದುರಸ್ತಿ ಮಾಡಿ 2022ರಲ್ಲಿ ಕಲಾಕೇಂದ್ರವಾಗಿ ತೆರೆದಿದ್ದಾರೆ. ಕ್ರಾಫರ್ಡ್ ಬೀದಿಯಿಂದ ಸ್ವಲ್ಪ ಮೇಲಿತ್ತು, ಅದಕ್ಕೇ ಉಳಿಯಿತು.

2023ರ ಏಪ್ರಿಲಿನಲ್ಲಿ ಬೆಥೆಲ್ ಚರ್ಚಿನವರಿಗೂ ಪೆಂಗ್ವಿನ್ಸ್‌ನವರಿಗೂ ಒಂದು ಒಪ್ಪಂದವಾಯಿತು. ಹಳೇ ಚರ್ಚ್ ಇದ್ದ ಜಾಗದ ಹತ್ತಿರ ಒಂದೂವರೆ ಎಕರೆ ನೆಲವನ್ನು ಚರ್ಚಿಗೆ ವಾಪಸ್ ಕೊಡೋದು ಅಂತ. ಅಲ್ಲಿ ಮನೆಗಳನ್ನು ಕಟ್ಟೋದು ಚರ್ಚಿನವರ ಯೋಚನೆ. ಕೆಡವಿ 66 ವರ್ಷ ಆಗಿತ್ತು.